ಕರೆಯದೆ ಎದ್ದು ಕೂರುವ ಜೊತೆಗಾರ: ಕಂತು ಆರು

“ಮತ್ತ ಬಂತು ನೋಡಲೇ, ನಿನ್ನ ಹಲ್ಕಿರಿಯೋನು!”

ಪ್ರಿಯಾ ಲ್ಯಾಪ್‌ಟಾಪನ್ನು ಅಮೃತಾಳ ಕಡೆ ತಿರುಗಿಸಿದಳು. ಪರದೆಯ ನಟ್ಟನಡುವೆ ಅದೇ ಹಳದಿ ದುಂಡು ಮುಖ. ಅದರ ಕೆಳಗೆ ಅದೇ ಮಾತು. ‘ನಮಸ್ಕಾರ! ನಾನು ನಿಮ್ಮ ಜೊತೆಗಾರ. ಶುರು ಮಾಡೋಣವೇ?’

ಈ ಜೊತೆಗಾರನನ್ನು ಯಾರೂ ಕರೆದಿರಲಿಲ್ಲ. ಲ್ಯಾಪ್‌ಟಾಪ್ ಮಾಡಿದ ಕಂಪನಿಯವರೇ ಒಳಗೆ ಕೂರಿಸಿ ಕಳಿಸಿದ್ದರು. ಗುಂಡಿ ಒತ್ತಿದರೆ ಸಾಕು, ಉಳಿದದ್ದೆಲ್ಲ ಕಣ್ಣು ಬಿಡುವ ಮೊದಲೇ ಇದು ಎದ್ದು ಕೂರುತ್ತಿತ್ತು. ಮದುವೆ ಮನೆಗೆ ಎಲ್ಲರಿಗಿಂತ ಮೊದಲು ಬಂದು ಪಂಕ್ತಿಯ ತುದಿಯ ಎಲೆ ಹಿಡಿಯುವ ದೂರದ ನೆಂಟನ ಹಾಗೆ.

ಭಾನುವಾರ ಅಕ್ಕ ಕೋಮಲಾಳ ನಿಶ್ಚಿತಾರ್ಥದಲ್ಲೂ ಹಾಗೇ ಬಂದಿತ್ತು. ಕಲ್ಯಾಣ ಮಂಟಪದ ದೊಡ್ಡ ಪರದೆಯ ಮೇಲೆ ಅಕ್ಕನ ಬಾಲ್ಯದ ಫೋಟೋಗಳು ಓಡುತ್ತಿದ್ದಾಗ ನಡುವೆ ಈ ಮುಖ ಇಣುಕಿ, ದಾವಣಗೆರೆ ಡಾಕ್ಟರ ಚೀಟಿಯೊಂದನ್ನು ಗೋಡೆಯಷ್ಟು ಅಗಲ ತೋರಿಸಿಬಿಟ್ಟಿತು. ಚೀಟಿಯ ಮೇಲೆ ಕೋಮಲಾಳ ಹೆಸರು. ಹೆಸರಿನ ಕೆಳಗೆ ಫಿಟ್ಸ್ ಕಾಯಿಲೆಯ ಮಾತ್ರೆಗಳು. ಹರಪನಹಳ್ಳಿಯಿಂದ ಬಂದಿದ್ದ ಬೀಗರು ಬಡಿಸಿದ ಎಲೆ ಬಿಟ್ಟು ಎದ್ದು ಹೋದರು.

“ಲ್ಯಾಪ್‌ಟಾಪು ಕೊನಿಗೆ ಮುಟ್ಟಿದೋರು ಯಾರು?” ಅಂತ ದೊಡ್ಡಪ್ಪ ಬೆನಕಪ್ಪ ಮಂಟಪವೇ ನಡುಗುವಂತೆ ಕೇಳಿದ್ದ.

“ಕ್ರಾಂತಿ ಅಣ್ಣ,” ಅಂದಿದ್ದಳು ಅಮೃತಾ.

ಅಷ್ಟೇ. ಎರಡೇ ಮಾತು. ಆದರೆ ಆ ಮಾತು ಬಾಯಿಂದ ಎಷ್ಟು ಬೇಗ ಬಿದ್ದಿತ್ತು ಅನ್ನೋದು ನೆನಪಾದಾಗಲೆಲ್ಲ ಅವಳ ಕಿವಿ ಸುಡುತ್ತಿತ್ತು.

ಕ್ರಾಂತಿಕುಮಾರ್ ಪ್ರಿಯಾಳ ಅಣ್ಣ. ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲು, ಲ್ಯಾಪ್‌ಟಾಪು ರಿಪೇರಿ ಅಂಗಡಿ. ಈ ಜೊತೆಗಾರ ಏಳದ ಹಾಗೆ ಮಾಡಿಕೊಡು ಅಂತ ಹಿಂದಿನ ವಾರ ಅವನ ಕೈಗೆ ಲ್ಯಾಪ್‌ಟಾಪ್ ಕೊಟ್ಟವಳು ಅಮೃತಾಳೇ. ಈಗ ಅಂಗಡಿಯ ಷಟರ್ ಇಳಿದಿತ್ತು. ಷಟರಿನ ಮೇಲೆ ಯಾರೋ ಸೆಗಣಿ ಎರಚಿದ್ದರು.

ಇವತ್ತು ಬೆಳಗ್ಗೆ ದೊಡ್ಡಪ್ಪನ ಮಗ ಪ್ರವೀಣಕುಮಾರ್ ಕ್ರಾಂತಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹರಪನಹಳ್ಳಿಗೆ ಹೋಗಿದ್ದ. ಬೀಗರ ಹಿರಿಯರ ಮುಂದೆ ಕ್ರಾಂತಿ ಬರೆದುಕೊಡಬೇಕು: ‘ಆ ಚೀಟಿ ಸುಳ್ಳು. ಹುಡುಗಿಗೆ ಯಾವ ಕಾಯಿಲೆಯೂ ಇಲ್ಲ. ಕುಚೇಷ್ಟೆಗೆ ನಾನೇ ಮಾಡಿದ್ದು.’ ಬರೆದರೆ ಸಂಬಂಧ ಉಳಿಯುತ್ತದೆ. ಬರೆಯದಿದ್ದರೆ ಪೊಲೀಸ್ ಸ್ಟೇಷನ್.

ಕಾರು ಹೊರಟಿದ್ದನ್ನು ಮಹಡಿ ಮೇಲಿಂದ ನೋಡಿದ ಅಮೃತಾ ಲ್ಯಾಪ್‌ಟಾಪನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಸೀದಾ ಪ್ರಿಯಾಳ ಮನೆಗೆ ಬಂದಿದ್ದಳು.

“ನಿನ್ ಮ್ಯಾಲ ನಂಗ ಭಾಳ ಸಿಟ್ಟೈತಿ. ಅದನ್ನ ಆಮ್ಯಾಲ ಮಾಡ್ತೀನಿ. ಮೊದ್ಲು ಇದನ್ನ ತಗಿ,” ಅಂದಿದ್ದಳು ಪ್ರಿಯಾ ಬಾಗಿಲಲ್ಲೇ.

ಒಳಗಿಂದ ಪ್ರಿಯಾಳ ತಾಯಿ ಸುಂಕಮ್ಮ ಕೇಳಿದಳು. “ಪ್ರಿಯಾ, ಚಾ ಇಡಾಕತ್ತೀನಿ. ಆಕಿ ಕುಡೀತಾಳೇನು ಕೇಳು.”

ಆಕಿ ಅಲ್ಲೇ ಕುಳಿತಿದ್ದಳು. ಮೂರು ಮಾರು ದೂರದಲ್ಲಿ. ಕಾಲೇಜು ಸೇರಿದಾಗಿನಿಂದ ಗೆಳತಿ, ದಿನಾ ಸ್ಕೂಟಿ ತಂದು ಬಾಗಿಲ ಮುಂದೆ ಹಾರ್ನ್ ಹೊಡೆದವಳು, ಒಂದು ದಿನವೂ ಹೊಸಿಲು ದಾಟಿರಲಿಲ್ಲ.

“ಕುಡೀತೀನ್ರಿ ಅಮ್ಮ,” ಅಂದಳು. ದನಿ ಇಲಿಮರಿಯದಷ್ಟೇ ಬಂತು.

ಚಹಾ ಬಂತು. ಪ್ರಿಯಾಳಿಗೆ ಸ್ಟೀಲ್ ಲೋಟದಲ್ಲಿ. ಅಮೃತಾಳಿಗೆ ಹೊಸ ಪೇಪರ್ ಕಪ್ಪಿನಲ್ಲಿ. ಸುಂಕಮ್ಮ ಕಪ್ಪನ್ನು ಕೈಗೆ ಕೊಡದೆ ಪಕ್ಕದ ಸ್ಟೂಲಿನ ಮೇಲಿಟ್ಟು ಹಿಂದೆ ಸರಿದಳು. ‘ನನಗೂ ಲೋಟದಾಗ ಕೊಡ್ರಿ’ ಅಂತ ಹೇಳಬೇಕು ಅನ್ನಿಸಿತು ಅಮೃತಾಳಿಗೆ. ಹೇಳಲಿಲ್ಲ. ಬಿಸಿ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ನಾಲಿಗೆ ಸುಟ್ಟುಕೊಂಡು ಕುಡಿದಳು.

“ಇಲ್ನೋಡು,” ಪ್ರಿಯಾ ಅವಳ ಮೊಣಕೈ ತಿವಿದಳು. “ಗುಂಡಿ ಒತ್ತಿದ ಕೂಡ್ಲೇ ಯಾರ್ಯಾರು ತಾವಾಗೇ ಏಳಬೇಕು ಅನ್ನೋದು ಇಲ್ಲಿ ಐತಿ. ಸ್ಟಾರ್ಟಪ್ಪು. ಏನಂತ ಓದು.”

ಅಮೃತಾ ಓದಿದಳು. “ಜೊತೆಗಾರ. ಡಿಸೇಬಲ್ಡ್.”

“ಅಂದ್ರ?”

“ಬಂದ್ ಮಾಡೈತಿ.”

“ಮಾಡೈತಿ ಅಲ್ಲ, ಮಾಡ್ಯಾನ. ನಮ್ಮಣ್ಣ! ಹೇಳಿದ ಕೆಲ್ಸ ಮಾಡೇ ಕೊಟ್ಟಾನ.” ಪ್ರಿಯಾಳ ಕಣ್ಣು ಮಿಂಚಿದವು. ಮರುಕ್ಷಣ ಹುಬ್ಬು ಗಂಟಿಕ್ಕಿತು. “ಮತ್ತ ಇವನು ಹೆಂಗ ಏಳ್ತಾನ? ಮಲಗಿಸಿದೋನು?”

ಇಬ್ಬರೂ ಪರದೆಗೆ ಮೂಗು ಹಚ್ಚಿದರು. ಪ್ರಿಯಾ ಕೆಳಗೆ ಕೆಳಗೆ ಸರಿಸಿದಳು. ಎಲ್ಲದರ ಕೊನೆಗೆ ಇನ್ನೊಂದು ಹಳದಿ ಮುಖ ಅಡಗಿ ಕುಳಿತಿತ್ತು.

‘ಜೊತೆಗಾರ ಪ್ಲಸ್. ಎನೇಬಲ್ಡ್.’

“ಅಯ್ಯ ಇವನ! ತಮ್ಮನ್ನ ಹುಟ್ಟಿಸಿಕೊಂಡಾನಲೇ!” ಪ್ರಿಯಾ ಚಪ್ಪಾಳೆ ಹೊಡೆದಳು. “ತಡಿ, ಯಾವಾಗ ಹುಟ್ಟ್ಯಾನ ನೋಡಾಮು. ಭಾನುವಾರ. ಬೆಳಿಗ್ಗೆ. ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪು ಯಾರ ಹತ್ರ ಇತ್ತು?”

ಅಮೃತಾಳಿಗೆ ಅವತ್ತಿನ ಕನ್ನಡಿ ನೆನಪಾಯಿತು. ಅರ್ಧ ಹೆಣೆದ ಜಡೆ, ಬಾಯಲ್ಲಿ ಹೇರ್‌ಪಿನ್ನು, ಹೊರಗೆ ಅವ್ವ ನಾಗಲಿಂಗಮ್ಮನ ಕೂಗು. ಫೋಟೋ ಸರಿಯಾಗಿ ಓಡುತ್ತವೋ ಅಂತ ನೋಡಲು ಲ್ಯಾಪ್‌ಟಾಪ್ ತೆರೆದಾಗ ಮೂಲೆಯಲ್ಲೊಂದು ಪೆಟ್ಟಿಗೆ ಮೂಡಿತ್ತು. ‘ನಿಮಗಾಗಿ ಹೊಸ ರೂಪ ಸಿದ್ಧವಾಗಿದೆ. ಈಗಲೇ ಬೇಕೇ?’

ಬೇಕು ಅಂತ ಒತ್ತಿದ್ದಳು. ಓದದೆ. ಆ ಪೆಟ್ಟಿಗೆ ಕಣ್ಣೆದುರಿಂದ ತೊಲಗಿದರೆ ಸಾಕಿತ್ತು.

“ನಾನ,” ಅಂದಳು.

“ಏನು ನೀನ?”

“ಅದು ಕೇಳ್ತು. ನಾನು ಹೂಂ ಅಂದೆ.”

ಪ್ರಿಯಾ ಪರದೆಯಿಂದ ಕಣ್ಣು ಕಿತ್ತು ಅವಳತ್ತ ತಿರುಗಿದಳು.

“ಕಂಪನಿ ಕೇಳಿದ್ರ ಹೂಂ ಅಂತಿ. ನಿಮ್ ದೊಡ್ಡಪ್ಪ ಕೇಳಿದ್ರ ನಮ್ಮಣ್ಣನ ಹೆಸ್ರು ಹೇಳ್ತಿ. ಯಾರಿಗಾದ್ರೂ ಇಲ್ಲ ಅನ್ನಾಕ ಬರ್ತೈತೇನಲೇ ನಿಂಗ?”

ಅಮೃತಾ ಪೇಪರ್ ಕಪ್ಪನ್ನು ಹಿಚುಕಿ ಹಿಚುಕಿ ಉಂಡೆ ಮಾಡಿದಳು.

“ಅಳಬ್ಯಾಡ, ಟೈಮ್ ಇಲ್ಲ,” ಪ್ರಿಯಾ ಮತ್ತೆ ಪರದೆಗೆ ತಿರುಗಿದಳು. “ಇವನು ಎದ್ದಿದ್ದು ನಿನ್ನಿಂದ. ಆತು. ಆ ಚೀಟಿ ಫೋಟೋ ಇವನ ಕೈಗೆ ಕೊಟ್ಟಿದ್ದು ಯಾರು? ನಿನ್ ಲ್ಯಾಪ್‌ಟಾಪಿನಾಗ ಇತ್ತೇನು?”

“ಇಲ್ಲ. ದೇವರಾಣೆ ಇಲ್ಲ.”

ಅದಂತೂ ನಿಜ. ಚೀಟಿ ಮನೆಯಲ್ಲಿ ದೊಡ್ಡಪ್ಪನನ್ನು ಬಿಟ್ಟು ಬೇರೆ ಯಾರ ಹತ್ತಿರವೂ ಇರಲಿಲ್ಲ. ಕೊಟ್ಟೂರಿನ ಮೆಡಿಕಲ್ ಅಂಗಡಿಯವರಿಗೆ ಸುಳಿವು ಸಿಕ್ಕರೆ ಊರಿಗೇ ಸಿಕ್ಕ ಹಾಗೆ ಅಂತ, ದೊಡ್ಡಪ್ಪ ಅದರ ಫೋಟೋ ತೆಗೆದಿಟ್ಟುಕೊಂಡು ತಾನೇ ಹಗರಿಬೊಮ್ಮನಹಳ್ಳಿಗೆ ಹೋಗಿ ಮಾತ್ರೆ ತರುತ್ತಿದ್ದ.

ಪ್ರಿಯಾ ಹಳದಿ ಮುಖದ ಮೇಲೆ ಒತ್ತಿದಳು. ಪುಟ ತೆರೆಯಿತು. ‘ನಿಮ್ಮ ಫೋನಿಗೆ ಬಂದ ಸಂದೇಶಗಳನ್ನು ನಾನೇ ಓದಿ ತೋರಿಸುವೆ. ಫೋನಿನ ಚಿತ್ರ ತೋರಿಸಬೇಕಾದರೆ, ಚಿತ್ರ ಆರಿಸಿ ಫೋನಿನಲ್ಲೇ ‘ತೋರಿಸು’ ಒತ್ತಿರಿ. ಫೋನ್ ಹತ್ತಿರದಲ್ಲಿರಲಿ.’

“ಅಂದ್ರ ಫೋಟೋ ತಾನಾಗೇ ಬರಂಗಿಲ್ಲ,” ಪ್ರಿಯಾ ನಿಧಾನಕ್ಕೆ ಹೇಳಿದಳು. “ಮಂಟಪದಾಗ ಫೋನ್ ಹಿಡ್ಕೊಂಡು, ಆ ಚೀಟಿನ ಹುಡುಕಿ, ಬೇಕಂತಲೇ ಒತ್ತ್ಯಾರ. ಯಾರ ಫೋನು?”

ಕೆಳಗೆ ಬೂದು ಬಣ್ಣದಲ್ಲಿ ಒಂದು ಸಾಲು. ‘ಜೋಡಿಸಿದ ಫೋನ್: ಬೆನಕಪ್ಪ ಟ್ರೇಡರ್ಸ್. ಸದ್ಯ ಹತ್ತಿರದಲ್ಲಿಲ್ಲ.’

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

“ನಿಮ್ ದೊಡ್ಡಪ್ಪನ ಫೋನು ನಿನ್ ಲ್ಯಾಪ್‌ಟಾಪಿಗ್ಯಾಕ ಗಂಟು ಬಿದ್ದೈತಿ?”

“ಕೈಗುಣ,” ಅಂದಳು ಅಮೃತಾ.

“ಏನು?”

“ದೊಡ್ಡಪ್ಪನ ಕೈಗುಣ ಚೊಲೋ ಅಲ್ಲೇನು? ಊರಾಗ ಯಾರು ಬೀಜ ಬಿತ್ತಿದ್ರೂ ಮೊದಲ ಹಿಡಿ ಅವ್ರ ಕೈಲೇ ಹಾಕಿಸ್ತಾರ. ಲ್ಯಾಪ್‌ಟಾಪು ತಂದ ದಿನ ಇಭೂತಿ ಹಚ್ಚಿ, ಕಾಯಿ ಒಡದು, ಅವ್ರ ಕೈಲೇ ಗುಂಡಿ ಒತ್ತಿಸಿದ್ವಿ. ಇದು ಏನೇನೋ ಕೇಳ್ತು. ಅವ್ರು ನೀಲಿ ಕಂಡಲ್ಲೆಲ್ಲ ಒತ್ತಿದ್ರು. ಫೋನ್ ನಂಬರ್ ಕೇಳ್ತು, ತಮ್ದ ಹೇಳಿದ್ರು. ಅವ್ರ ಫೋನ್ ಕುಂಯ್ ಅಂತು, ಅದ್ರಾಗೂ ಒತ್ತಿದ್ರು. ನಾವು ಎಲ್ರೂ ಚಪ್ಪಾಳಿ ಹೊಡದ್ವಿ.”

ಪ್ರಿಯಾಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ದುಪಟ್ಟಾ ತುರುಕಿಕೊಂಡಳು. ನಕ್ಕು ನಕ್ಕು, ಕೊನೆಗೆ ಅದು ನಗುವಾಗಿ ಉಳಿಯಲಿಲ್ಲ. ಕಣ್ಣೊರೆಸಿಕೊಂಡು ಎದ್ದಳು.

“ನಡಿ, ನಿಮ್ ಮನಿಗೆ. ಆ ಫೋನ್ ಹತ್ರ ಬಂದ್ರ ಇವನೇ ಹೇಳ್ತಾನಲ್ಲ, ಹೇಳ್ಲಿ.”

*

ನಾಗಲಿಂಗಮ್ಮ ಪ್ರಿಯಾಳನ್ನು ನೋಡಿ ‘ಬಾರವ್ವ’ ಅನ್ನಲೂ ಇಲ್ಲ, ‘ಯಾಕ ಬಂದಿ’ ಅನ್ನಲೂ ಇಲ್ಲ. ಸೆರಗಿನಲ್ಲಿ ಕೈ ಒರೆಸುತ್ತ ಅಡುಗೆಮನೆಗೆ ಹೋದಳು. ಅಲ್ಲಿ ಕೋಮಲಾ ಇದ್ದಳು. ಭಾನುವಾರದಿಂದ ಅವಳು ಹೊರಗೆ ಮುಖ ತೋರಿಸಿರಲಿಲ್ಲ.

ಹುಡುಗಿಯರು ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತರು.

‘ಮಧ್ಯಾಹ್ನ ನಾನು ಊಟಕ್ಕ ಬರೋದ್ರಾಗ ಅದನ್ನ ಬೇರು ಸಮೇತ ತಗದಿರಬೇಕು’ ಅಂತ ದೊಡ್ಡಪ್ಪ ಬೆಳಗ್ಗೆಯೇ ಹೇಳಿ ಹೋಗಿದ್ದ. ತೆಗೆಯೋದೇನು ಕಷ್ಟವಲ್ಲ. ಅಮೃತಾ ಆ ಪುಟವನ್ನೂ ತೆರೆದೇ ಇಟ್ಟಿದ್ದಳು. ಒಂದು ಗುಂಡಿಯಿಂದ ಬರೀ ಏಳದ ಹಾಗೆ ಮಾಡಬಹುದು. ಇನ್ನೊಂದರಿಂದ ಪೂರ್ತಿ ಕಿತ್ತು ಹಾಕಬಹುದು. ಕಿತ್ತರೆ, ಜೋಡಿಸಿದ ಫೋನಿನ ಹೆಸರೂ ಅದರ ಜೊತೆಗೇ ಅಳಿಸಿಹೋಗುತ್ತದೆ. ಆಮೇಲೆ ಕ್ರಾಂತಿಯ ಪರವಾಗಿ ಹೇಳಲು ಲೋಕದಲ್ಲಿ ಏನೂ ಉಳಿಯೋದಿಲ್ಲ.

ಹೊರಗೆ ಗೇಟು ಕಿರ್ ಅಂದಿತು.

ಹಳದಿ ಮುಖ ಹಸಿರಾಯಿತು.

‘ಬೆನಕಪ್ಪ ಟ್ರೇಡರ್ಸ್ ಹತ್ತಿರದಲ್ಲಿದೆ!’

ಅಂಗಳದಲ್ಲಿ ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು ಬೆನಕಪ್ಪ ಒಳಗೆ ಬಂದ. ಬಿಳಿ ಅಂಗಿ, ಹಣೆ ತುಂಬ ವಿಭೂತಿ, ಅಂಗಿಯ ಜೇಬಿನಲ್ಲಿ ಫೋನು. ಅಪ್ಪ ತೀರಿದ ಮೇಲೆ ಈ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದ ಕೈ ಅದು. ಅಮೃತಾ ಅಭ್ಯಾಸಬಲದಿಂದ ಎದ್ದು ನಿಂತಳು.

“ತಗದೇನವ್ವ?”

“ಇಲ್ರಿ ದೊಡ್ಡಪ್ಪ.”

“ಯಾಕ, ಬರಂಗಿಲ್ಲೇನು?”

“ಬರ್ತೈತ್ರಿ. ಒಂದ್ಸಲ ಒತ್ತಿದ್ರ ಆತು.”

“ಒತ್ತು ಮತ್ತ.” ಆಗ ಅವನ ಕಣ್ಣು ಪ್ರಿಯಾಳ ಮೇಲೆ ಬಿತ್ತು. “ನೀನ್ಯಾಕ ಬಂದೆವ್ವ? ನಿಮ್ಮಣ್ಣ ಸಂಜಿಗೆ ಮನಿಗೆ ಬರ್ತಾನ. ಒಂದು ಕೂದ್ಲು ಕೊಂಕಂಗಿಲ್ಲ. ನಾ ಅದೀನಿ.”

“ನೀವು ಅದೀರಿ ಅಂತ ಇದೂ ಹೇಳಾಕತ್ತೈತ್ರಿ ಸಾವ್ಕಾರ್ರ,” ಪ್ರಿಯಾ ಲ್ಯಾಪ್‌ಟಾಪ್ ಅವನತ್ತ ತಿರುಗಿಸಿದಳು. “ಓದ್ರಿ.”

ಬೆನಕಪ್ಪ ಕನ್ನಡಕ ಹುಡುಕಿದ. ಹಾಕಿಕೊಂಡ. ಓದಿದ. ಇನ್ನೊಮ್ಮೆ ಓದಿದ. ಅವನ ಕೈ ತಾನಾಗಿ ಜೇಬಿನ ಮೇಲೆ ಹೋಯಿತು, ಎದೆನೋವು ಬಂದವರ ಹಾಗೆ.

“ಫೋಟೋ ಹೋಗಿದ್ದು ನಿಮ್ ಫೋನಿಂದ್ರಿ ದೊಡ್ಡಪ್ಪ,” ಅಮೃತಾ ನೆಲ ನೋಡುತ್ತ ಹೇಳಿದಳು. “ಕ್ರಾಂತಿ ಅಣ್ಣ ಏನೂ ಮಾಡಿಲ್ಲ. ಇದನ್ನ ಬಂದ್ ಮಾಡೇ ಕೊಟ್ಟಿದ್ದ. ನಾನ ಮತ್ತ ಎಬ್ಬಿಸಿದೆ. ಗೊತ್ತಿಲ್ದ.”

ಅವನು ಬೈಯುತ್ತಾನೆ ಅಂದುಕೊಂಡಿದ್ದಳು. ಬೈದಿದ್ದರೆ ಚೆನ್ನಾಗಿತ್ತು. ಬೆನಕಪ್ಪ ಕುರ್ಚಿ ಬಿಟ್ಟು ಹೊಸಿಲ ಮೇಲೆ ಕುಳಿತುಬಿಟ್ಟ. ಅವನು ಹಾಗೆ ಕುಳಿತಿದ್ದನ್ನು ಅಮೃತಾ ಹುಟ್ಟಿದಾಗಿನಿಂದ ನೋಡಿರಲಿಲ್ಲ.

“ಗೊತ್ತೈತವ್ವ,” ಅಂದ.

“ಏನು ಗೊತ್ತೈತ್ರಿ?”

“ನನ್ ಫೋನಿಂದ ಅಂತ. ಅವತ್ತ ಗೊತ್ತಾತು. ಮನಿಗೆ ಬಂದು ಫೋನ್ ತಗದ್ರ ಆ ಚೀಟಿ ಫೋಟೋನ ತೆರಕೊಂಡಿತ್ತು. ಅದರ ಮ್ಯಾಲ ‘ತೋರಿಸಲಾಗಿದೆ’ ಅಂತ ಬರದಿತ್ತು. ಕನ್ನಡಕ ಇದ್ದಿಲ್ಲ, ಪ್ರವೀಣ ಓದಿ ಹೇಳಿದ.”

ಪ್ರಿಯಾ ಎದ್ದು ನಿಂತಳು. “ಗೊತ್ತಿದ್ದೂ ನಮ್ಮಣ್ಣನ್ನ ಕಾರಿನ್ಯಾಗ ಹಾಕಿ ಕಳಿಸಿದ್ರೇನ್ರಿ?”

ಬೆನಕಪ್ಪ ಅವಳತ್ತ ನೋಡಲಿಲ್ಲ. ಹೆಗಲ ಮೇಲಿನ ಟವೆಲ್ಲಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದ, ಬಿಚ್ಚುತ್ತಿದ್ದ.

“ಸ್ಟೇಜಿನ ಮ್ಯಾಲ ನಾನು ತಾಂಬೂಲದ ತಟ್ಟಿ ಹಿಡ್ಕೊಂಡು ನಿಂತಿದ್ದೆ. ಎರಡೂ ಕೈ ತಟ್ಟ್ಯಾಗ. ಫೋನು ಜೇಬಿನಾಗ ಬಡ್ಕೊಳ್ಳಾಕತ್ತಿತ್ತು, ಬಗ್ಗಿದ್ರ ಬೀಳ್ತೈತಿ ಅಂತ ಪಕ್ಕದಾಗಿದ್ದೋರ ಕೈಗೆ ಕೊಟ್ಟೆ.” ದನಿ ತಗ್ಗಿತು. “ಕೋಮಲಾ ಕೈಗೆ.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಕೇಳುತ್ತಿತ್ತು. ಭಾನುವಾರದಿಂದ ಅಕ್ಕ ಅನ್ನ ಬಿಟ್ಟಿದ್ದಳು. ಅದು ಅವಮಾನಕ್ಕೆ ಅಂತ ಮನೆಯವರೆಲ್ಲ ತಿಳಿದು ಪಕ್ಕದಲ್ಲಿ ಕುಳಿತು ಸಮಾಧಾನ ಹೇಳಿದ್ದರು. ಅಮೃತಾ ಅವಳ ತಲೆ ನೇವರಿಸಿ, ಕ್ರಾಂತಿಯನ್ನು ಬಾಯಿಗೆ ಬಂದಂತೆ ಬೈದಿದ್ದಳು. ಅಕ್ಕ ಆಗ ಗೋಡೆ ಕಡೆ ತಿರುಗಿ ಮಲಗಿದ್ದಳು.

“ತನ್ ಕಾಯಿಲಿ ತಾನ ತೋರಿಸ್ಕೊಂಡಾಳ,” ಬೆನಕಪ್ಪ ಹೇಳಿದ. “ಯಾಕೋ ಕೇಳಿಲ್ಲ ನಾನು. ಕೇಳಾಕ ಧೈರ್ಯ ಇಲ್ಲ. ಇದು ನನಗ, ಪ್ರವೀಣಗ ಬಿಟ್ರ ಈ ಭೂಮಿ ಮ್ಯಾಲ ಯಾರಿಗೂ ಗೊತ್ತಿಲ್ಲ. ಆಕಿ ಹತ್ರಾನೂ ತುಟಿ ಬಿಚ್ಚಿಲ್ಲ. ಈಗ ನಿಮಗ ಹೇಳೀನಿ. ಇಲ್ಲೇ ಮುಗೀಲಿ. ಒತ್ತು ಮಗಳ. ಬೀಗರ ಮಗ ಅರುಣಕುಮಾರ್ ಚೊಲೋ ಹುಡುಗ ಅದಾನ. ಆ ಹುಡುಗ ಕ್ರಾಂತಿ ಒಂದು ಮಾತು ಬರದ್ರ ಕೋಮಲಾ ಬಾಳ್ವಿ ಆಗ್ತೈತಿ. ಗಂಡುಹುಡುಗ ಅವನು, ನಾಲ್ಕು ದಿನ ಮಂದಿ ಮಾತಾಡ್ತಾರ, ಮರೀತಾರ.”

“ಯಾರು ಮರೀತಾರ್ರಿ?” ಪ್ರಿಯಾ ಕೂಗಲಿಲ್ಲ. ಕೂಗಿದ್ದರೆ ಕೇಳಲು ಸುಲಭವಾಗಿತ್ತು. “ಮಂದಿ ಫೋನ್ ಕೊಡೋದು ನಂಬಿಕಿ ಮ್ಯಾಲ. ಒಳಗ ಹೆಂಡ್ರ ಮಕ್ಕಳ ಫೋಟೋ ಇರ್ತಾವ. ಇನ್ನ ಅವನ ಕೈಯಾಗ ಯಾರು ಫೋನ್ ಕೊಡ್ತಾರ? ನಮ್ ಓಣಿ ಯಾರ ಕೈಯಾಗ ಕೊಡ್ತಾರ? ಷಟರಿಗೆ ಸೆಗಣಿ ಹೊಡದಾರ್ರಿ. ನಮ್ಮವ್ವ ತೊಳಿಯಾಕೂ ಹೋಗಿಲ್ಲ. ಮಂದಿ ನೋಡ್ತಾರ ಅಂತ.”

ಬೆನಕಪ್ಪ ಅಮೃತಾಳತ್ತ ನೋಡಿದ. ಅಪ್ಪಣೆಯ ನೋಟವಲ್ಲ ಅದು, ಬೇಡುವ ನೋಟ. ಅದನ್ನು ತಡೆಯೋದು ಇನ್ನೂ ಕಷ್ಟ.

ಬಾಣದ ಗುರುತು ‘ಪೂರ್ತಿ ತೆಗೆ’ ಅನ್ನುವುದರ ಮೇಲೇ ನಿಂತಿತ್ತು. ಒತ್ತಿದರೆ ಅಕ್ಕನ ಗುಟ್ಟು ಮುಚ್ಚುತ್ತದೆ. ಒತ್ತದಿದ್ದರೆ ಹರಪನಹಳ್ಳಿಯ ಹಿರಿಯರ ಮುಂದೆ ಈ ಹಸಿರು ಮುಖ ತೋರಿಸಬೇಕು. ಚೀಟಿ ನಿಜ, ಕಾಯಿಲೆ ನಿಜ, ಮುಚ್ಚಿಟ್ಟದ್ದೂ ನಿಜ ಅಂತ ಒಪ್ಪಬೇಕು. ಬೀಗರು ಮಾತ್ರವಲ್ಲ, ನಾಳೆ ಊರೇ ನಗುತ್ತದೆ.

ಪ್ರಿಯಾಳ ಮುಖವನ್ನು ನೋಡುವ ಧೈರ್ಯ ಅಮೃತಾಳಿಗೆ ಬರಲಿಲ್ಲ.

ಆ ಪುಟ ಮುಚ್ಚಿದಳು.

“ಒತ್ತಂಗಿಲ್ರಿ,” ಅಂದಳು. ಹೇಳಿ ಕೈ ಚಾಚಿದಳು. “ಫೋನ್ ಕೊಡ್ರಿ ದೊಡ್ಡಪ್ಪ. ನಾವು ಹರಪನಹಳ್ಳಿಗೆ ಹೊಂಟ್ವಿ. ಅವನು ಸಹಿ ಮಾಡೋದ್ರಾಗ ಮುಟ್ಟಬೇಕು.”

“ಅಮೃತಾ!”

“ಬೈರಿ. ಬೇಕಾದ್ರ ಹೊಡೀರಿ. ಫೋನ್ ಮಾತ್ರ ಕೊಡ್ರಿ.”

ಚಾಚಿದ ಕೈ ಹಾಗೇ ಇತ್ತು. ಬೆನಕಪ್ಪ ಆ ಕೈಯನ್ನು ನೋಡುತ್ತ ಕುಳಿತ. ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನ್ ಗುರ್ ಅಂದಿತು. ಅವನು ತೆಗೆಯುವ ಮೊದಲೇ ಲ್ಯಾಪ್‌ಟಾಪಿನಲ್ಲಿ ಹಸಿರು ಮುಖ ಹಲ್ಲು ಬಿಟ್ಟಿತು.

‘ಹೊಸ ಸಂದೇಶ! ಪ್ರವೀಣ:’

ಮೂವರೂ ಒಟ್ಟಿಗೆ ಓದಿದರು.

‘ಅಪ್ಪಾ, ಕ್ರಾಂತಿ ಬರದುಕೊಟ್ಟ. ಎಲ್ಲ ತನ್ನದ ತಪ್ಪು ಅಂತ ಸಹಿ ಹಾಕ್ಯಾನ. ಆಮ್ಯಾಲ ನನ್ನ ಒಬ್ಬನ್ನ ಹೊರಗ ಕರದು ಕೈ ಮುಗುದ. ಕೋಮಲಾ ಕೈಯಾಗ ಫೋನ್ ಇತ್ತು ಅನ್ನೋದು ಎಲ್ಲೂ ಬರಬಾರದು ಅಂದ. ನಾನು ಹೇಳಿಲ್ಲ. ನೀವು ಹೇಳಿಲ್ಲ. ಇವನಿಗೆ ಹೆಂಗ ಗೊತ್ತು?’

ಪ್ರಿಯಾ ಆ ಸಾಲನ್ನು ಓದಿದಳು. ಮತ್ತೆ ಓದಿದಳು. ಅಣ್ಣನ ಪರವಾಗಿ ಬೆಳಗ್ಗೆಯಿಂದ ಬಿಗಿಹಿಡಿದಿದ್ದ ಅವಳ ಮುಖ ಸಡಿಲವಾಗಿ, ಮೊದಲ ಸಲ ಅದರಲ್ಲಿ ಅನುಮಾನ ಮೂಡಿತು.

“ಅವನು ಮಂಟಪಕ್ಕ ಬಂದೇ ಇದ್ದಿಲ್ಲಲ್ಲ,” ಅಂದಳು, ಯಾರಿಗೂ ಅಲ್ಲದ ಹಾಗೆ.

ಅಡುಗೆಮನೆಯ ಬಾಗಿಲಲ್ಲಿ ನೆರಳಾಡಿತು. ಕೋಮಲಾ ಬಂದು ನಿಂತಿದ್ದಳು. ಕೈ ತುಂಬ ರೊಟ್ಟಿಯ ಹಿಟ್ಟು. ಅವಳಿದ್ದ ಕಡೆಗೆ ಲ್ಯಾಪ್‌ಟಾಪಿನ ಬೆನ್ನು. ಸಂದೇಶ ಅವಳಿಗೆ ಕಾಣುವಂತಿರಲಿಲ್ಲ. ಯಾರೂ ಅವಳಿಗೆ ಇನ್ನೂ ಏನೂ ಹೇಳಿರಲಿಲ್ಲ.

“ಸಹಿ ಮಾಡಿಬಿಟ್ನೇನು?” ಅಂತ ಕೇಳಿದಳು. “ಮಾಡಬ್ಯಾಡ ಅಂತ ಅವನಿಗೆ ಎಷ್ಟು ಬಡ್ಕೊಂಡೆ.”